ನಡುಮನೆಯಲ್ಲಿ ವಿಕ್ರಮ್ ಇಳಿಸುವ ಆಟ

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಗ್ರಹಗಳ ಹೆಸರನ್ನು ಉರು ಹೊಡೆಸುವುದಕ್ಕಿಂತ, ಒಂದೇ ಒಂದು ಯಾನವನ್ನು ಮೊದಲಿಂದ ಕೊನೆಯವರೆಗೆ ಆಡಿಸುವುದು ಮೇಲು. ಚಂದ್ರಯಾನ-3 ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರನ ನೆಲ ಮುಟ್ಟಿತು. ಅದರಲ್ಲಿ ಮನುಷ್ಯರು ಇರಲಿಲ್ಲ. ಹಾಗಾಗಿ ಈ ಆಟದಲ್ಲಿ ಮಗು ಗಗನಯಾತ್ರಿಯಲ್ಲ, ಸ್ವತಃ ವಿಕ್ರಮ್ ಲ್ಯಾಂಡರ್, ಅಂದರೆ ನೌಕೆಯಲ್ಲಿ ಚಂದ್ರನ ನೆಲಕ್ಕೆ ಇಳಿಯುವ ಭಾಗ.

ಒಂದಡಿ ಎತ್ತರದ ರಟ್ಟಿನ ಪೆಟ್ಟಿಗೆ ಸಾಕು. ಮೇಲೂ ಕೆಳಗೂ ಕತ್ತರಿಸಿ ತೆಗೆದು, ಹೆಗಲಿಗೆ ಎರಡು ಲಾಡಿ ಕಟ್ಟಿ. ಲ್ಯಾಂಡರ್‌ನ ಕಾಲಿಗೆ ದಿನಪತ್ರಿಕೆಯ ನಾಲ್ಕು ಹಾಳೆಗಳನ್ನು ಒಟ್ಟಿಗೆ ಬಿಗಿಯಾಗಿ ಸುತ್ತಿದ ಸುರುಳಿ, ಇಂಥವು ನಾಲ್ಕು. ಪ್ರತಿಯೊಂದನ್ನೂ ಪೆಟ್ಟಿಗೆಯ ಮೂಲೆಗೆ ಎರಡು ಕಡೆ ಟೇಪ್ ಹಾಕಿ ಅಂಟಿಸಿ, ಕೆಳಗೆ ಅರ್ಧ ಗೇಣು ಚಾಚಿರಲಿ. ಒಂದೇ ಕಡೆ ಅಂಟಿಸಿದರೆ ಕಾಲು ತಿರುಚಿಕೊಂಡು ಪೆಟ್ಟಿಗೆ ಕೂತುಬಿಡುತ್ತದೆ. ಮುಂಭಾಗದ ರಟ್ಟನ್ನು ಮೂರು ಬದಿ ಕೊಯ್ದರೆ ಕೆಳಕ್ಕೆ ತೆರೆಯುವ ಬಾಗಿಲಾಗುತ್ತದೆ. ಚಂದ್ರನ ಮೇಲೆ ಓಡಾಡುವ ಪುಟ್ಟ ಗಾಡಿ, ಪ್ರಜ್ಞಾನ್ ರೋವರ್, ಇಳಿಯುವ ಜಾರುಹಲಗೆ ಅದೇ. ರಟ್ಟಿನೊಳಗಿನ ಏಣುಗಳು ಹಲಗೆಯ ಉದ್ದಕ್ಕೇ ಇರಬೇಕು. ಅಡ್ಡಕ್ಕಿದ್ದರೆ ಪ್ರಜ್ಞಾನ್ ಆಗುವ ಆಟಿಕೆ ಕಾರು ಹತ್ತಿಸಿದ ಕೂಡಲೇ ಮಧ್ಯಕ್ಕೆ ಮಡಚಿಕೊಳ್ಳುತ್ತದೆ.

ಮಗು ಪ್ಯಾರಾಚೂಟ್ ಬೇಕು ಎಂದು ಕೇಳಿಯೇ ಕೇಳುತ್ತದೆ. ಕಟ್ಟಿಕೊಡಬೇಡಿ. ಕರವಸ್ತ್ರವನ್ನು ಅರಳಿಸಿ ಮೇಲಿಂದ ಬಿಡಿ; ಅದು ಮೆಲ್ಲಗೆ ಬೀಳುವುದು ಗಾಳಿ ತಡೆಯುವುದರಿಂದ. ಚಂದ್ರನಲ್ಲಿ ಗಾಳಿಯಿಲ್ಲ, ಆದ್ದರಿಂದ ಎಂಜಿನ್ ಉರಿಸಿಯೇ ವೇಗ ತಗ್ಗಿಸಬೇಕು. ಬಾಯಲ್ಲೇ “ಶ್ಶ್ಶ್” ಎಂದು ಎಂಜಿನ್ ಸದ್ದು ಮಾಡಲಿ.

ಇಳಿಯುವ ಗಳಿಗೆಗೆ ಬೇಕಾದಷ್ಟು ಹೊತ್ತು ಕೊಡಿ. ನೆಲಕ್ಕೆ ಜಮಖಾನ ಹಾಸಿ, ಬಂಡೆಗಳ ಬದಲು ದಿಂಬುಗಳನ್ನು ಚೆಲ್ಲಿ, ನೀವು ಸೋಫಾದಲ್ಲಿ ಬೆಂಗಳೂರಿನ ನಿಯಂತ್ರಣ ಕೊಠಡಿಯಾಗಿ ಕೂರಿ. “ವಿಕ್ರಮ್, ಎಲ್ಲಿದ್ದೀಯಪ್ಪ?” ಎಂದು ಕೇಳಿದರೆ ತಕ್ಷಣ ಉತ್ತರ ಬರಬಾರದು. ರೇಡಿಯೋ ಸಂಕೇತ ಚಂದ್ರನಿಗೆ ತಲುಪಲು ಸುಮಾರು 1.3 ಸೆಕೆಂಡು, ಮರಳಲು ಮತ್ತೆ ಅಷ್ಟೇ. ಮಗು ಮನಸ್ಸಿನಲ್ಲೇ ಮೂರು ಎಣಿಸಿ ಮಾತಾಡಲಿ. ನಿಜವಾದ ವಿಕ್ರಮ್ ಕೊನೆಯ 19 ನಿಮಿಷ ತಾನೇ ನಿರ್ಧರಿಸುತ್ತಾ ಇಳಿದದ್ದಕ್ಕೆ ಈ ತಡವೂ ಒಂದು ಕಾರಣ. ಸುಮಾರು 150 ಮೀಟರ್ ಎತ್ತರದಲ್ಲಿ ಅದು ಕ್ಷಣಕಾಲ ತೇಲಿ ನಿಂತು ಕೆಳಗಿನ ಜಾಗ ನೋಡಿಕೊಂಡಿತು. ಮಗುವೂ ಹಾಗೇ ನಿಲ್ಲಲಿ, ದಿಂಬುಗಳ ನಡುವೆ ಸಮತಟ್ಟಾದ ಜಾಗ ಹುಡುಕಲಿ, ಅಲ್ಲಿ ಮೆಲ್ಲಗೆ ಕುಕ್ಕರಗಾಲಲ್ಲಿ ಕೂರಲಿ. ಹೆಚ್ಚಿನ ಮನೆಗಳಲ್ಲಿ ಆಟ ಕೆಡುವುದು ಇಲ್ಲೇ: ದೊಡ್ಡವರು “ಅಲ್ಲಲ್ಲ, ಈ ಕಡೆ ಪುಟ್ಟಾ” ಎಂದು ಬಾಯಿ ಹಾಕುತ್ತಾರೆ. ತುಟಿ ಬಿಗಿಹಿಡಿಯಿರಿ. ದಿಂಬಿನ ಮೇಲೆ ಇಳಿದು ವಾಲಿದರೂ ಚಿಂತೆಯಿಲ್ಲ, ಇನ್ನೊಂದು ಸಲ ಇಳಿಯಬಹುದು.

ನಂತರ ಮಗು ಪೆಟ್ಟಿಗೆಯಿಂದ ಹೊರಬಂದು ಕಾರನ್ನು ಜಾರಿಸಲಿ. 26 ಕಿಲೋ ತೂಕದ ಪ್ರಜ್ಞಾನ್ ಸೆಕೆಂಡಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಸಾಗುತ್ತಿತ್ತು, ಅಂದರೆ ಬಸವನಹುಳುವಿನಂತೆ. ಭರ್ರೆಂದು ಓಡಿಸುವ ಮಕ್ಕಳಿಗೆ ಒಂದಡಿಯ ಸ್ಕೇಲ್ ಇಟ್ಟು, ಮೂವತ್ತು ಎಣಿಸುವಷ್ಟರಲ್ಲಿ ದಾಟಿಸಲು ಹೇಳಿ. ಬೆರಳಿನ ಹಿಡಿತಕ್ಕೂ ಒಳ್ಳೆಯದು.

ಕೋಣೆ ಕತ್ತಲು ಮಾಡಿ ಟಾರ್ಚನ್ನು ನೆಲದ ಮಟ್ಟದಲ್ಲಿ ಓರೆಯಾಗಿ ಇಡಿ. ವಿಕ್ರಮ್ ಇಳಿದದ್ದು ಚಂದ್ರನ ದಕ್ಷಿಣ ಧ್ರುವದ ಕಡೆ; ಅಲ್ಲಿ ಸೂರ್ಯ ಎತ್ತರಕ್ಕೆ ಏರುವುದಿಲ್ಲ, ನೆರಳುಗಳು ಉದ್ದ. ಅಲ್ಲಿಯ ಒಂದು ಹಗಲು ನಮ್ಮ ಸುಮಾರು 14 ದಿನ. ಹದಿನಾಲ್ಕು ಚಪ್ಪಾಳೆ ಎಣಿಸಿ ಟಾರ್ಚ್ ಆರಿಸಿ. ಬಿಸಿಲಿಲ್ಲದೆ ವಿದ್ಯುತ್ ಇಲ್ಲ, ವಿಕ್ರಮ್ ನಿದ್ದೆಗೆ ಜಾರಿತು.

“ಆಮೇಲೆ ಎದ್ದಿತಾ?” ಎಂದು ಕೇಳಿದರೆ ಸುಳ್ಳು ಹೇಳಬೇಡಿ. ಎಬ್ಬಿಸಲು ನೋಡಿದರು, ಏಳಲಿಲ್ಲ, ಈಗಲೂ ಅಲ್ಲೇ ನಿಂತಿದೆ. ಹುಣ್ಣಿಮೆಯ ಸಂಜೆ ತಾರಸಿಗೆ ಕರೆದೊಯ್ಯಿರಿ. ನಮ್ಮೂರುಗಳಲ್ಲಿ ಚಂದ್ರ ಮೂಡುವಾಗ ಅದರ ದಕ್ಷಿಣ ಭಾಗ ಹೆಚ್ಚುಕಡಿಮೆ ನಮ್ಮ ಬಲಕ್ಕಿರುತ್ತದೆ. ಆ ಬಲ ಅಂಚಿನ ಹತ್ತಿರ ಬೆರಳಿಟ್ಟು ತೋರಿಸಿ.