ಮೂವತ್ತೆರಡು ಹಾಸಿಗೆ, ಇಬ್ಬರು ಸಿಸ್ಟರ್‌ಗಳು

ಬೆಳಗ್ಗೆ ಐದೂವರೆ. ಮೆಡಿಕಲ್ ವಾರ್ಡಿನ 32 ಹಾಸಿಗೆಯೂ ಭರ್ತಿ, ರಾತ್ರಿಗೆ ಇದ್ದವರು ನಾವಿಬ್ಬರೇ. ಒಂಬತ್ತು ಮಂದಿಗೆ ತಿಂಡಿಗೆ ಮೊದಲು ಇನ್ಸುಲಿನ್ ಕೊಡಬೇಕಿತ್ತು. ನಾನು ಎಳೆದ ಸಿರಿಂಜನ್ನು ಟ್ರೇಯಲ್ಲಿಟ್ಟು ಹೊರಟಾಗ ಜೊತೆಗಿದ್ದ ಚೇಚಿ (ಮಲಯಾಳದಲ್ಲಿ ಅಕ್ಕ) ನನ್ನ ಕೈ ಹಿಡಿದರು. “ಮುಚ್ಚಳ ನೋಡು” ಎಂದರು. ಮುಚ್ಚಳ ಕೆಂಪು, ಅಂದರೆ 40ರ ಸಿರಿಂಜ್, ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ ಇನ್ಸುಲಿನ್‌ಗೆ ಗುರುತು ಹಾಕಿದ್ದು. ಬಾಟಲಿ 100ರದ್ದು, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇಕು. ಚುಚ್ಚಿದ್ದರೆ ಆ ಅಜ್ಜನ ಮೈಗೆ ಡಾಕ್ಟರ್ ಬರೆದುದರ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತಿತ್ತು. ಸಕ್ಕರೆ ಇಳಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು.

ಈ ವ್ಯತ್ಯಾಸ ನನಗೆ ಗೊತ್ತಿಲ್ಲದ್ದಲ್ಲ. ವಾರ್ಡಿಗೆ ಬರುವ ನರ್ಸಿಂಗ್ ಮಕ್ಕಳಿಗೆ ಅದನ್ನು ಹೇಳಿಕೊಡುತ್ತಿದ್ದವಳೇ ನಾನು. ಆದರೆ ಅದು ನನ್ನ ಸಾಲಾಗಿ ಏಳನೆಯ ನೈಟ್. ಸಂಜೆ ಏಳೂವರೆಗೆ ಒಳಗೆ ಹೋದರೆ ಬೆಳಗ್ಗೆ ಹ್ಯಾಂಡೋವರ್ ಮುಗಿಯುವಾಗ ಎಂಟೂವರೆ. ಅಂದು ಕಾಸರಗೋಡಿನಲ್ಲಿ ಬಸ್ ಹತ್ತಿ, ಪೆರ್ಲದಲ್ಲಿ ಇಳಿಯಬೇಕಾದವಳು ಕಣ್ಣು ಬಿಟ್ಟದ್ದು ಅಡ್ಕಸ್ಥಳದಲ್ಲಿ, ಕರ್ನಾಟಕದ ಗಡಿಯ ಹತ್ತಿರ. ರಸ್ತೆ ಬದಿಯಲ್ಲಿ ವಾಪಸು ಬಸ್ಸಿಗೆ ಕಾಯುತ್ತ ನಿಂತಾಗ ಕೈ ನಡುಗಲು ಶುರುವಾಯಿತು. ಅಲ್ಲಿಯವರೆಗೆ ಹೆದರಿಕೆ ಬರುವುದಕ್ಕೂ ಪುರುಸೊತ್ತು ಇರಲಿಲ್ಲ.

ಆ ವಾರವೇ ಒಂದು 200 ಪುಟದ ನೋಟ್‌ಬುಕ್ ಕೊಂಡೆ. ದೂರು ಬರೆಯಲಿಕ್ಕಲ್ಲ, ಲೆಕ್ಕ ಬರೆಯಲಿಕ್ಕೆ. ಪ್ರತಿ ಡ್ಯೂಟಿಗೆ ಒಂದು ಸಾಲು: ರೋಗಿಗಳು ಎಷ್ಟು, ನಾವು ಎಷ್ಟು ಜನ, ಊಟ ಎಷ್ಟು ಗಂಟೆಗೆ, ನೀರು ಕುಡಿದದ್ದು ಎಷ್ಟು ಲೋಟ, ಶೌಚಾಲಯಕ್ಕೆ ಹೋದದ್ದು ಎಷ್ಟು ಸಲ, ವಾರ್ಡ್ ಬಿಟ್ಟದ್ದು ಎಷ್ಟು ಗಂಟೆಗೆ. ಬರೆಯತೊಡಗಿದ ಮೇಲೆಯೇ ನನಗೆ ತಿಳಿದದ್ದು, ಹನ್ನೆರಡು ಗಂಟೆಯಲ್ಲಿ ನಾನು ಕುಡಿಯುತ್ತಿದ್ದದ್ದು ಎರಡೇ ಲೋಟ ನೀರು. ಕುಡಿದರೆ ಹೋಗಬೇಕಾಗುತ್ತದೆ, ಹೋದರೆ ವಾರ್ಡಿನಲ್ಲಿ ಒಬ್ಬರೇ ಉಳಿಯುತ್ತಾರೆ ಎಂದು ಯಾರೂ ಹೇಳದೆಯೇ ನಾವೆಲ್ಲ ನೀರು ಬಿಟ್ಟಿದ್ದೆವು. ಉರಿಮೂತ್ರಕ್ಕೆ ಮಾತ್ರೆ ತಿನ್ನುತ್ತಿದ್ದವರು ನಮ್ಮ ಗುಂಪಿನಲ್ಲಿ ನಾಲ್ಕು ಮಂದಿ. ಪ್ರತಿಯೊಬ್ಬರೂ ತನಗೆ ಮಾತ್ರ ಅಂದುಕೊಂಡಿದ್ದರು.

ಎರಡನೆಯ ವಾರ ಇನ್ನೊಂದು ಕಾಲಂ ಸೇರಿಸಿದೆ: ‘ಭಾಷೆಗೆ ಕರೆದದ್ದು’. ನಮ್ಮ ಊರಿನ ಆಸ್ಪತ್ರೆಯಲ್ಲಿ ಇದು ದೊಡ್ಡ ಕೆಲಸ, ಯಾವ ಡ್ಯೂಟಿ ಪಟ್ಟಿಯಲ್ಲೂ ಇಲ್ಲದ ಕೆಲಸ. ಕೇರಳದ ದಕ್ಷಿಣದ ಜಿಲ್ಲೆಗಳಿಂದ ಬಂದ ಸಿಸ್ಟರ್‌ಗಳಿಗೆ ಮಲಯಾಳ ಮಾತ್ರ ಗೊತ್ತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಅಜ್ಜಿಯಂದಿರಿಗೆ ತುಳುವೋ ಕನ್ನಡವೋ ಬಿಟ್ಟು ಬೇರೆ ಬಾರದು. “ತರೆ ತಿರ್ಗುಂಡು” ಎಂದು ಒಬ್ಬರು ಹೇಳಿದರೆ ತಲೆ ತಿರುಗುತ್ತಿದೆ ಎಂದು ತಿಳಿಸಲು ನಾನು ಮೇಲಿನ ಮಹಡಿಗೆ ಓಡಬೇಕು. ಒಂದು ರಾತ್ರಿ ಏಳು ಸಲ ಕರೆದಿದ್ದಾರೆ. ಒಮ್ಮೆ ಸರ್ಜಿಕಲ್ ವಾರ್ಡಿನಲ್ಲಿ ಅಜ್ಜಿಯೊಬ್ಬರು ನನ್ನ ಸೆರಗು ಬಿಡಲೇ ಇಲ್ಲ. “ನೀನು ಇಲ್ಲೇ ಇರು ಮಗಳೇ, ಇವರಿಗೆ ನಾನು ಹೇಳುವುದು ಗೊತ್ತಾಗುದಿಲ್ಲ” ಎಂದರು. ಕೆಳಗೆ ನನ್ನ ವಾರ್ಡಿನಲ್ಲಿ ಡ್ರಿಪ್ ಮುಗಿಯುತ್ತಿತ್ತು. ಅವರ ಬೆರಳು ಬಿಡಿಸಿಕೊಂಡು ಬಂದದ್ದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ದಣಿವು ಅಂದರೆ ಕಾಲುನೋವು ಮಾತ್ರವಲ್ಲ, ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗದೆ ಮನೆಗೆ ಹೋಗುವುದು.

ಮೂರು ತಿಂಗಳ ಪುಟಗಳನ್ನು ಹಿಡಿದುಕೊಂಡು ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ಹೋದೆ. ಇನ್ಸುಲಿನ್ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಮೊದಲು ಗದರಿದರು. ಪುಟ ತಿರುವುತ್ತ ಹೋದಂತೆ ಮಾತು ಕಡಿಮೆಯಾಯಿತು. “ನಾನು ವಾರ್ಡಿನಲ್ಲಿದ್ದಾಗಲೂ ಹೀಗೇ ಇತ್ತು” ಎಂದರು, ಸ್ವಲ್ಪ ಹೊತ್ತು ಬಿಟ್ಟು.

ದುಡ್ಡಿಲ್ಲದೆ ಆಗುವ ಕೆಲಸಗಳು ಬೇಗ ಆದವು. ಸಾಲಾಗಿ ಏಳು ನೈಟ್ ಹೋಗಿ ನಾಲ್ಕಾಯಿತು, ಅದರ ಬೆನ್ನಿಗೆ ಎರಡು ಆಫ್. 40ರ ಮತ್ತು 100ರ ಸಿರಿಂಜ್ ಬೇರೆ ಬೇರೆ ಡ್ರಾಯರಿಗೆ ಹೋದವು; ಇನ್ಸುಲಿನ್ ಒಬ್ಬರು ಎಳೆದರೆ ಇನ್ನೊಬ್ಬರು ಬಾಟಲಿಯನ್ನೂ ಮುಚ್ಚಳವನ್ನೂ ಗಟ್ಟಿಯಾಗಿ ಓದಬೇಕು. ಭಾಷೆಗೆ ನಾವೇ ಒಂದು ದಾರಿ ಕಂಡುಕೊಂಡೆವು. ನೋವು, ಉಸಿರು, ವಾಂತಿ, ತಲೆಸುತ್ತು ಎಂದು ನಲವತ್ತು ಮಾತು ಆರಿಸಿ, ಅವುಗಳ ಕನ್ನಡ ಮತ್ತು ತುಳುವನ್ನು ಮಲಯಾಳ ಲಿಪಿಯಲ್ಲಿ ಬರೆದು ಪ್ರತಿ ವಾರ್ಡಿನ ಮೇಜಿನ ಮೇಲೆ ಅಂಟಿಸಿದೆವು. ಕೋಟ್ಟಯಂ ಕಡೆಯ ಹುಡುಗಿಯೊಬ್ಬಳು ಈಗ “ಬೇನೆ ಓಲು?” (ನೋವು ಎಲ್ಲಿ?) ಎಂದು ತಾನೇ ತುಳುವಿನಲ್ಲಿ ಕೇಳುತ್ತಾಳೆ. ನನ್ನನ್ನು ಕರೆಯುವುದು ರಾತ್ರಿಗೆ ಒಂದೆರಡು ಸಲಕ್ಕೆ ಇಳಿದಿದೆ.

ಆಗದ್ದು ಒಂದೇ, ಅದೇ ಮುಖ್ಯವಾದದ್ದು. 2017ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಬೀದಿಗಿಳಿದ ಮೇಲೆ 2018ರಲ್ಲಿ ಕನಿಷ್ಠ 20,000 ರೂಪಾಯಿ ಸಂಬಳದ ಆದೇಶ ಬಂತು. ಅದು ನಮ್ಮ ಹಿರಿಯರು ಗಳಿಸಿಕೊಟ್ಟದ್ದು. ಆದರೆ ರಾತ್ರಿಯ ಕೈಗಳ ಲೆಕ್ಕ ಮೊದಲಿನಂತೆಯೇ ಉಂಟು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ ಹೇಳುವುದು ಐದು ರೋಗಿಗೆ ಒಬ್ಬ ನರ್ಸ್, ರಜೆಯವರ ಜಾಗಕ್ಕೆ ಶೇ. 30 ಮಂದಿ ಬೇರೆ. ನಮ್ಮಲ್ಲಿ ಹದಿನಾರಕ್ಕೆ ಒಬ್ಬರು.

ರಾತ್ರಿಗೆ ಮೂರನೆಯವರೊಬ್ಬರು ಬೇಕೆಂದು ಕಳೆದ ತಿಂಗಳು ಅರ್ಜಿ ಕೊಟ್ಟೆವು. ನೋಟ್‌ಬುಕ್ಕಿನ ಪುಟಗಳ ಝೆರಾಕ್ಸ್ ಜೊತೆಗಿದೆ. ಸಹಿ ಹಾಕಿದವರು ಹನ್ನೊಂದು ಮಂದಿ, ಮೊದಲ ಸಹಿ ಚೇಚಿಯದ್ದು. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ನೋಟ್‌ಬುಕ್ ತೆಗೆದುಕೊಂಡಿದ್ದೇನೆ.