ಬಿದ್ದವನ ಬಳಿಗೆ ಓಡುವ ಕೆಲಸ

ತಂಡದ ಫಿಸಿಯೋ ಎಂದು ಪರಿಚಯ ಹೇಳಿಕೊಂಡರೆ ಸಾಕು, ಎದುರಿನವರು ಕೇಳುವುದು ಒಂದೇ: “ಯಾವ ಆಟದವರು ನಿಜವಾಗ್ಲೂ ಗಟ್ಟಿ, ಹೇಳಿ?” ಫುಟ್‌ಬಾಲ್, ರಗ್ಬಿ, ಬ್ಯಾಸ್ಕೆಟ್‌ಬಾಲ್, ಕಬಡ್ಡಿ, ನಾಲ್ಕೂ ಕಡೆ ವೃತ್ತಿಪರ ತಂಡಗಳ ಬೆಂಚಿನಲ್ಲಿ ಕೂತಿದ್ದೇನೆ. ಆದರೆ ಕೇಳುವವರ ಬಳಿ ಉತ್ತರ ಮೊದಲೇ ತಯಾರಿರುತ್ತದೆ. ರಗ್ಬಿಯವರು ವೀರರು, ಫುಟ್‌ಬಾಲಿನವರು ನಾಟಕದವರು, ಬ್ಯಾಸ್ಕೆಟ್‌ಬಾಲಿನವರು ನಾಜೂಕು, ಕಬಡ್ಡಿಯವರಿಗೆ ಮೈಯೆಲ್ಲ ಕಬ್ಬಿಣ. ನನ್ನಿಂದ ಬೇಕಾಗಿರುವುದು ಅದಕ್ಕೊಂದು ಮೊಹರು ಅಷ್ಟೇ.

ನಾನು ಮೊಹರು ಒತ್ತುವುದಿಲ್ಲ. ಮೊಣಕಾಲು ತಿರುಚಿದರೆ ಆಗುವ ನೋವು ಎಲ್ಲರಿಗೂ ಒಂದೇ ಬಗೆಯದು. ಬೇರೆ ಇರುವುದು ಆ ನೋವನ್ನು ತೋರಿಸಿದರೆ ಏನು ಸಿಗುತ್ತದೆ, ಮುಚ್ಚಿಟ್ಟರೆ ಏನು ಉಳಿಯುತ್ತದೆ ಎಂಬ ಲೆಕ್ಕ. ಆ ಲೆಕ್ಕವನ್ನು ಹಾಕಿಕೊಡುವುದು ಆಟದ ನಿಯಮ.

ರಗ್ಬಿ ಯೂನಿಯನ್‌ನಲ್ಲಿ ಒಬ್ಬ ಬಿದ್ದ ಮಾತ್ರಕ್ಕೆ ಆಟ ನಿಲ್ಲುವುದಿಲ್ಲ. ಆಟ ಸಾಗುತ್ತಿರುವಾಗಲೇ ನಾನು ಒಳಗೆ ಓಡಬಹುದು, ಆಟಕ್ಕೆ ಅಡ್ಡ ಬರಬಾರದು ಅಷ್ಟೇ. ಬಿದ್ದವನು ಬಿದ್ದೇ ಇದ್ದರೆ ಅವನ ತಂಡ ಹದಿನಾಲ್ಕೇ ಜನರಲ್ಲಿ ಸಾಲು ಕಾಯಬೇಕು. ಅದಕ್ಕೇ ಅವನು ಏಳುತ್ತಾನೆ. ನೋಡುವವರು ಚಪ್ಪಾಳೆ ಹೊಡೆಯುತ್ತಾರೆ.

ಫುಟ್‌ಬಾಲಿನಲ್ಲಿ ರೆಫ್ರಿ ಕರೆಯದೆ ನಾನು ಗೆರೆ ದಾಟುವಂತಿಲ್ಲ. ಫೌಲ್ ಆಗಿದೆಯೋ ಇಲ್ಲವೋ ಎಂದು ರೆಫ್ರಿ ಅರೆಗಳಿಗೆಯಲ್ಲಿ ನಿರ್ಧರಿಸಬೇಕು. ಕಾಲಿಗೆ ಬೂಟು ತಾಗಿದರೂ ಎಡವದೆ ಓಡಿದವನಿಗೆ ಬಹುಪಾಲು ಏನೂ ಸಿಗುವುದಿಲ್ಲ. ಬಿದ್ದರೆ ಫ್ರೀ ಕಿಕ್, ಪೆನಾಲ್ಟಿ ಜಾಗದಲ್ಲಿ ಬಿದ್ದರೆ ಪಂದ್ಯವೇ ಕೈಗೆ. ಹೀಗಿರುವಾಗ ಹೊರಳಾಡುವುದು ಅಲ್ಲಿ ರೆಫ್ರಿಯ ಜತೆ ಆಡುವ ಮಾತು. ಒಪ್ಪುತ್ತೇನೆ, ಶುದ್ಧ ಕಳ್ಳರೂ ಇದ್ದಾರೆ. ಮುಟ್ಟಿದ್ದು ಎದೆಗೆ, ಹಿಡಿದುಕೊಂಡಿದ್ದು ಮುಖ, ಅಂಥವರು. 1999ರಿಂದ ಅದಕ್ಕೆ ಹಳದಿ ಕಾರ್ಡ್ ಇದೆ. ಆದರೆ ಒಂದು ಮಾತು ಹೇಳಲೇಬೇಕು. ತೊಂಬತ್ತು ನಿಮಿಷ ಕಣಕಾಲಿಗೆ ಒದೆಸಿಕೊಂಡವನ ಕಾಲುಚೀಲ ಬಿಚ್ಚುವ ಕೆಲಸ ನನ್ನದು. ಆ ಕಾಲುಗಳನ್ನು ನೋಡಿದವರು ‘ನಾಜೂಕು’ ಎಂಬ ಮಾತು ಆಡಲಾರರು.

ಬ್ಯಾಸ್ಕೆಟ್‌ಬಾಲಿನ ಲೆಕ್ಕವೇ ಬೇರೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಬರೆದ ಮೂಲ ನಿಯಮದಲ್ಲೇ ಭುಜದಿಂದ ನೂಕುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಡುವುದು, ಹೊಡೆಯುವುದು ಎಲ್ಲಕ್ಕೂ ನಿಷೇಧ. ಕಾಗದದ ಮೇಲೆ ಮೈ ಮುಟ್ಟದ ಆಟ. ರಿಂಗಿನ ಕೆಳಗೆ ನೂರು ಕಿಲೋ ದಾಟಿದ ಇಬ್ಬರು ಪೃಷ್ಠ, ಮುಂಗೈ, ಮೊಣಕೈಗಳಿಂದ ಜಾಗಕ್ಕಾಗಿ ಗುದ್ದಾಡುವುದು ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ನಾನು ಕೋರ್ಟಿನೊಳಗೆ ಹೋಗಿ ಆಟಗಾರನನ್ನು ಉಪಚರಿಸಿದರೆ ಅವನನ್ನು ಬದಲಿಸಲೇಬೇಕು. ಹಾಗಾಗಿ ಅಲ್ಲಿ ಬಿದ್ದವನು ನನ್ನನ್ನು ಕಂಡೊಡನೆ ‘ಬೇಡ, ಬೇಡ’ ಎಂದು ಕೈ ಅಲ್ಲಾಡಿಸುತ್ತಾನೆ. ಆ ಕೈಸನ್ನೆಯನ್ನು ನಾನು ಆರೋಗ್ಯದ ಲಕ್ಷಣ ಎಂದು ಓದುವುದಿಲ್ಲ.

ಕಬಡ್ಡಿಯಲ್ಲಿ ನೋವು ಎದುರಾಳಿಗೆ ಸುದ್ದಿ. ಕಾರ್ನರ್‌ನಲ್ಲಿ ನಿಂತವನ ಭುಜ ಸ್ವಲ್ಪ ಇಳಿಬಿದ್ದಿದೆ ಎಂದು ಗೊತ್ತಾದರೆ ಮುಂದಿನ ರೈಡ್ ಅದೇ ಕಡೆಗೆ ಬರುತ್ತದೆ. ಅದಕ್ಕೇ ಅಲ್ಲಿ ಎಲ್ಲರ ಮುಖವೂ ಕಲ್ಲು. ಒಂದು ಮೊಣಕಾಲು ನೋಯುತ್ತಿದ್ದರೆ ಎರಡಕ್ಕೂ ಟೇಪ್ ಸುತ್ತಲು ಹೇಳುತ್ತಾರೆ. ನಾನು ಸುತ್ತಿಕೊಟ್ಟಿದ್ದೇನೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಐಸ್ ಹಾಕಿಯ ಎನ್‌ಎಚ್‌ಎಲ್ ಇದನ್ನೇ ಪದ್ಧತಿ ಮಾಡಿಕೊಂಡಿದೆ. ಅಲ್ಲಿನ ತಂಡಗಳು ಸಾಮಾನ್ಯವಾಗಿ ‘ಮೈಯ ಮೇಲ್ಭಾಗಕ್ಕೆ ಗಾಯ’, ‘ಕೆಳಭಾಗಕ್ಕೆ ಗಾಯ’ ಎಂದಷ್ಟೇ ಪ್ರಕಟಿಸುತ್ತವೆ. ಅದೇ ಲೀಗಿನಲ್ಲಿ ಇಬ್ಬರು ಕೈಗವಸು ಎಸೆದು ಮುಷ್ಟಿ ಬೀಸಿದರೆ ಶಿಕ್ಷೆ ಐದು ನಿಮಿಷ. ಬ್ಯಾಸ್ಕೆಟ್‌ಬಾಲಿನಲ್ಲಿ ಅದೇ ಮುಷ್ಟಿ ಬೀಸಿದರೆ ಪಂದ್ಯದಿಂದಲೇ ಹೊರಗೆ. ಎರಡನ್ನೂ ಟಿವಿಯಲ್ಲಿ ನೋಡಿ ಒಬ್ಬರು ಗಂಡೆದೆಯವರು, ಇನ್ನೊಬ್ಬರು ಪುಕ್ಕಲರು ಎಂದು ತೀರ್ಮಾನಿಸುವವರಿಗೆ ಏನು ಹೇಳೋಣ! ಅಂದಹಾಗೆ, ಸುಮ್ಮನೆ ಬಿದ್ದು ಫೌಲ್ ಗಿಟ್ಟಿಸುವುದಕ್ಕೆ ಐಸ್ ಹಾಕಿಯಲ್ಲೂ ಶಿಕ್ಷೆಯ ನಿಯಮವಿದೆ. ಬೀಳುವವರಿಲ್ಲದೆ ಅಂಥ ನಿಯಮ ಹುಟ್ಟುವುದಿಲ್ಲ.

ರಗ್ಬಿಯವರ ಮುಂದೆ ಫುಟ್‌ಬಾಲನ್ನು ಹೀಗಳೆಯುವವರಿಗೆ ನಾನು ನೆನಪಿಸುವುದು ಯುರೋಪಿನ ರಗ್ಬಿ ಕ್ಲಬ್ಬುಗಳ ಪಂದ್ಯಾವಳಿಯಾದ ಹೈನೆಕೆನ್ ಕಪ್‌ನ 2009ರ ಕ್ವಾರ್ಟರ್ ಫೈನಲ್. ಆಡುತ್ತಿದ್ದದ್ದು ಹಾರ್ಲೆಕ್ವಿನ್ಸ್ ಮತ್ತು ಲೆನ್‌ಸ್ಟರ್. ರಕ್ತ ಬರುತ್ತಿರುವ ಆಟಗಾರನ ಬದಲಿಗೆ, ಆಗಲೇ ಹೊರಗೆ ಹೋಗಿದ್ದವನೂ ಮತ್ತೆ ಒಳಗೆ ಬರಬಹುದು ಎಂಬ ನಿಯಮವಿತ್ತು. ಹಾರ್ಲೆಕ್ವಿನ್ಸ್‌ಗೆ ತನ್ನ ಕಿಕ್ಕರ್ ಮತ್ತೆ ಬೇಕಿತ್ತು. ಒಬ್ಬ ಆಟಗಾರ ನಕಲಿ ರಕ್ತದ ಗುಳಿಗೆ ಕಚ್ಚಿ ಬಾಯಿ ಕೆಂಪು ಮಾಡಿಕೊಂಡು ಹೊರನಡೆದ. ವಂಚನೆ ಬಯಲಾಗಿ ತಂಡದ ನಿರ್ದೇಶಕ ಡೀನ್ ರಿಚರ್ಡ್ಸ್‌ಗೆ ಮೂರು ವರ್ಷ ನಿಷೇಧ ಬಿತ್ತು. ನಮ್ಮ ಕಸುಬಿನವರ ಕೈವಾಡವೂ ಅದರಲ್ಲಿ ಇತ್ತು ಎಂಬುದು ನನ್ನನ್ನು ಈಗಲೂ ಚುಚ್ಚುತ್ತದೆ. ರಕ್ತಕ್ಕೆ ಬೆಲೆ ಕಟ್ಟಿದರೆ ವೀರರ ಆಟದಲ್ಲೂ ರಕ್ತ ತಯಾರಾಗುತ್ತದೆ.

ಇಷ್ಟು ಅರ್ಥವಾದ ಮೇಲೆ ನಾನು ಮೊದಲು ಬಿಟ್ಟದ್ದು ‘ನೋವಾಗ್ತಿದೆಯಾ?’ ಎಂಬ ಪ್ರಶ್ನೆಯನ್ನು. ಅದಕ್ಕೆ ಪ್ರತಿ ಆಟದಲ್ಲೂ ಸಿದ್ಧ ಉತ್ತರವಿದೆ. ರಗ್ಬಿಯವನು “ಏನಿಲ್ಲ” ಅನ್ನುತ್ತಾನೆ. ಫುಟ್‌ಬಾಲಿನವನು ನನ್ನತ್ತ ನೋಡದೆ ರೆಫ್ರಿಯತ್ತ ನೋಡಿ “ಅಯ್ಯೋ” ಅನ್ನುತ್ತಾನೆ. ಕಬಡ್ಡಿಯವನು “ಟೇಪ್ ಹಾಕಿ ಸಾಕು, ಡಾಕ್ಟ್ರೇ” ಅನ್ನುತ್ತಾನೆ. ನಾನು ಬರೀ ಫಿಸಿಯೋ ಎಂದು ಎಷ್ಟು ಹೇಳಿದರೂ ಆ ‘ಡಾಕ್ಟ್ರೇ’ ಹೋಗುವುದಿಲ್ಲ. ಮೂರು ಉತ್ತರಗಳಿಂದಲೂ ನನಗೆ ಗಾಯದ ಬಗ್ಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಕೆಲಸ ಕೊಡುತ್ತೇನೆ. ಒಂಟಿ ಕಾಲಲ್ಲಿ ನಿಲ್ಲು. ಅದೇ ಕಾಲಲ್ಲಿ ಕುಪ್ಪಳಿಸು. ನನ್ನ ಅಂಗೈಯನ್ನು ಪಾದದಿಂದ ಒತ್ತು. ಮೈ ಮಾಡಿ ತೋರಿಸುವುದನ್ನು ಬಾಯಿಯಿಂದ ಸುಳ್ಳು ಮಾಡಲು ಆಗುವುದಿಲ್ಲ.

ಪಂದ್ಯಾವಳಿ ಶುರುವಾಗುವ ಮುಂಚೆ ಪ್ರತಿಯೊಬ್ಬರ ಹಳೆಯ ಗಾಯ, ಆಗ ಅವರು ಬಳಸಿದ ಮಾತು, ಹತ್ತಕ್ಕೆ ಎಷ್ಟು ನೋವು ಎಂದಿದ್ದರು, ಕೊನೆಗೆ ಸ್ಕ್ಯಾನಿನಲ್ಲಿ ಬಂದದ್ದೇನು, ಎಲ್ಲ ಬರೆದಿಟ್ಟುಕೊಳ್ಳುತ್ತೇನೆ. ಬೆರಳಿನ ಮೂಳೆ ಮುರಿದಾಗಲೂ ‘ಎರಡು’ ಎಂದವನೊಬ್ಬ ಈಗ ‘ನಾಲ್ಕು’ ಎಂದರೆ ನಾನು ಕೋಚ್ ಕಡೆ ಕೈ ಎತ್ತುತ್ತೇನೆ. ಪ್ರತಿ ಅಭ್ಯಾಸದಲ್ಲೂ ‘ಒಂಬತ್ತು’ ಹೇಳುವವನೂ ಇರುತ್ತಾನೆ, ಅವನಿಗೆ ಐಸ್.

ಮೈದಾನದೊಳಗೆ ಓಡುವ ವೇಗವನ್ನು ನಾನು ಕೂಗಿಗೆ ತಕ್ಕಂತೆ ಹೊಂದಿಸುವುದಿಲ್ಲ. ಕಿರುಚುತ್ತ ಮೊಣಕಾಲು ಹಿಡಿದು ಉರುಳುವವನಿಗೆ ಉಸಿರಿದೆ, ಎಚ್ಚರವಿದೆ, ಕೈಕಾಲು ಆಡುತ್ತಿವೆ. ಅಷ್ಟು ಮಾಹಿತಿ ಬೆಂಚಿನಿಂದಲೇ ಸಿಕ್ಕಿತು. ನನ್ನ ಹೊಟ್ಟೆಯಲ್ಲಿ ತಳಮಳ ಹುಟ್ಟಿಸುವವನು ಬೀಳುವಾಗ ಕೈ ಚಾಚದವನು. ನೆಲ ತಾಗಿದ ಮೇಲೆ ಮುಂಗೈ ಸೆಟೆದು ಗಾಳಿಯಲ್ಲಿ ನಿಂತರೆ ಮಿದುಳಿಗೆ ಪೆಟ್ಟಾಗಿದೆ ಎಂದೇ ಅರ್ಥ. ಅದಕ್ಕಿಂತಲೂ ವೇಗವಾಗಿ ಓಡಬೇಕಾದದ್ದು ಯಾರೂ ಮುಟ್ಟದೆ ಕುಸಿದವನ ಬಳಿಗೆ. 2021ರ ಯೂರೋ ಕಪ್ ಫುಟ್‌ಬಾಲಿನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದಾಗ ಅವರಿಗೆ ಯಾರ ಡಿಕ್ಕಿಯೂ ಆಗಿರಲಿಲ್ಲ, ಹೃದಯ ನಿಂತಿತ್ತು. ಒಬ್ಬಂಟಿಯಾಗಿ ಬಿದ್ದು ಮಾತಾಡದವನನ್ನು, ಬೇರೆ ಕಾರಣ ಸಾಬೀತಾಗುವವರೆಗೂ ಹೃದಯಸ್ತಂಭನ ಎಂದೇ ಕಾಣಬೇಕು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಎಲ್ಲಿದೆ ಎಂದು ಪಂದ್ಯಕ್ಕೆ ಮುಂಚೆ ನಾನೇ ಹೋಗಿ ನೋಡುತ್ತೇನೆ. ಯಾರದೋ ಮಾತು ನಂಬುವುದಿಲ್ಲ.

ಗಾಯಗಳ ವಿಷಯದಲ್ಲಿ ಪ್ರೇಕ್ಷಕರಿಗೆ ಹೇಳಿದರೂ ನಂಬಲಾಗದ ಸಂಗತಿ ಇನ್ನೊಂದಿದೆ. ವರ್ಷಗಟ್ಟಲೆ ಹೊರಗಿಡುವ ಪೆಟ್ಟುಗಳಲ್ಲಿ ಎಷ್ಟೋ ಡಿಕ್ಕಿಯಿಂದ ಬರುವುದಿಲ್ಲ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹೆಚ್ಚಾಗಿ ದಿಕ್ಕು ಬದಲಿಸುವಾಗ, ಹಾರಿ ಇಳಿಯುವಾಗ. ಫುಟ್‌ಬಾಲಿನಲ್ಲಿ ಅತಿ ಸಾಮಾನ್ಯವಾದ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಗಾಯ ಬರೀ ಓಟದಲ್ಲಿ. 2013ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಅವರ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದಾಗ ಅವರಿಗೆ ಹಿಂದಿನಿಂದ ಯಾರೋ ಒದ್ದಂತೆ ಅನಿಸಿತ್ತು. ಒದ್ದವರು ಯಾರೂ ಇರಲಿಲ್ಲ. ಅದೇ ಕಾಲಲ್ಲಿ ನಿಂತು ಎರಡು ಫ್ರೀ ಥ್ರೋ ಹಾಕಿ, ಎರಡೂ ಬುಟ್ಟಿಗೆ ಬಿದ್ದ ಮೇಲೆ ನಡೆದು ಹೊರಗೆ ಹೋದರು. ‘ನಾಜೂಕು’ ಆಟದವರು!

ಇಂಥ ಕಥೆಗಳನ್ನು ನಾನೂ ಇಷ್ಟಪಟ್ಟು ಹೇಳುತ್ತೇನೆ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಕಟ್ಟಿಕೊಂಡು ಬಂದ ಅನಿಲ್ ಕುಂಬ್ಳೆ 14 ಓವರ್ ಎಸೆದು ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದ್ದು ಗೊತ್ತಿಲ್ಲದವರಿಲ್ಲ. ಮೈ ಮುಟ್ಟದ ಆಟವಾದ ಕ್ರಿಕೆಟ್‌ನಲ್ಲಿ! ಆದರೆ ದವಡೆ ಬೇರೆ, ಮಿದುಳು ಬೇರೆ ಎಂದು ಜತೆಗೇ ಸೇರಿಸುತ್ತೇನೆ. ದವಡೆ ಮುರಿದವನು ಆಡಲೋ ಬೇಡವೋ ಎಂದು ಯೋಚಿಸಬಲ್ಲ. ಮಿದುಳಿಗೆ ಪೆಟ್ಟಾದವನಲ್ಲಿ ಯೋಚಿಸುವ ಅಂಗವೇ ಕೆಟ್ಟಿರುತ್ತದೆ. 2014ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ತಲೆಗೆ ಏಟು ತಿಂದ ಮೇಲೂ ಸ್ವಲ್ಪ ಹೊತ್ತು ಆಡಿದರು. ಆಮೇಲೆ ರೆಫ್ರಿಯ ಬಳಿ ಹೋಗಿ ಇದು ಫೈನಲ್ಲಾ ಎಂದು ಕೇಳಿದರು. ಅವರನ್ನು ಧೈರ್ಯವಂತ ಎನ್ನುವುದೂ ತಪ್ಪು, ಮೂರ್ಖ ಎನ್ನುವುದೂ ತಪ್ಪು.

ಹಾಗಾಗಿ ತಲೆಯ ಪೆಟ್ಟಿಗೆ ಹೆಸರು, ತಾರೀಖು ಕೇಳುವುದಿಲ್ಲ. ಕನ್ಕಶನ್ ಆದವರು, ಅಂದರೆ ಏಟಿಗೆ ಮಿದುಳು ಅಲುಗಿದವರು, ಅದನ್ನು ಸಲೀಸಾಗಿ ಹೇಳಿಬಿಡುತ್ತಾರೆ. ಈಗ ಎಷ್ಟನೇ ಅರ್ಧ? ಕೊನೆಯ ಅಂಕ ಯಾರದು? ಹಿಂದಿನ ಪಂದ್ಯ ಯಾರ ಮೇಲೆ, ಗೆದ್ದೆವಾ? ಇವು ಮ್ಯಾಡಕ್ಸ್ ಪ್ರಶ್ನೆಗಳು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟವಾದವು. ಕಬಡ್ಡಿಗೆ ಬಂದಾಗ ‘ಕೊನೆಯ ರೈಡ್ ಯಾರು ಹೋದರು’ ಎಂದು ತಿದ್ದಿಕೊಂಡೆ. ಆಟಗಾರ ಮನೆಯಲ್ಲಿ ಆಡುವ ಭಾಷೆಯಲ್ಲೇ ಕೇಳಬೇಕು. ಕಲಿತ ಭಾಷೆಯಲ್ಲಿ ತಡವರಿಸಿದರೆ ಅದು ಏಟೋ ಭಾಷೆಯೋ ತಿಳಿಯುವುದಿಲ್ಲ. ಉತ್ತರವೆಲ್ಲ ಸರಿಯಿದ್ದರೂ ನಡಿಗೆ ತೂರಾಡಿದರೆ ಅವನ ಆಟ ಅಂದಿಗೆ ಮುಗಿಯಿತು. ಕೋಚ್ ಜತೆ ಈ ಮಾತು ಪಂದ್ಯಾವಳಿಗೆ ಮುಂಚೆಯೇ ಆಗಿರಬೇಕು. ಸ್ಕೋರು ಸಮವಾಗಿ ಎರಡು ನಿಮಿಷ ಉಳಿದಿರುವಾಗ ಕನ್ಕಶನ್ ಪಾಠ ಯಾರ ಕಿವಿಗೂ ಹೋಗುವುದಿಲ್ಲ. ಒಬ್ಬ ಕೋಚ್ ಈ ಒಪ್ಪಂದಕ್ಕೆ ಬರಲೇ ಇಲ್ಲ, ‘ನಮ್ಮ ಕಾಲದಲ್ಲಿ’ ಎಂದೇ ಮಾತು ಶುರು ಮಾಡುತ್ತಿದ್ದರು. ಆ ಕೆಲಸ ನಾನು ಮುಂದುವರಿಸಲಿಲ್ಲ.

ಹೆಲ್ಮೆಟ್ ಹಾಕುವವರು ಅಳುಬುರುಕರು ಎಂಬ ಜೋಕು ರಗ್ಬಿಯಲ್ಲಿ ಹಳೆಯದು, ಗುರಿ ಅಮೆರಿಕನ್ ಫುಟ್‌ಬಾಲ್. ಗಟ್ಟಿ ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ತಲೆ ಕಾಪಾಡಲು ಬಂದ ಅದೇ ಹೆಲ್ಮೆಟ್ಟನ್ನು ಆಟಗಾರರು ಈಟಿಯ ಹಾಗೆ ಬಳಸತೊಡಗಿದ್ದರಿಂದ, ತಲೆ ಮುಂದಿಟ್ಟು ನುಗ್ಗುವುದನ್ನು ಅಲ್ಲಿನ ಕಾಲೇಜು ಮತ್ತು ಶಾಲಾ ಆಟಗಳಲ್ಲಿ 1976ರಲ್ಲಿ ನಿಷೇಧಿಸಬೇಕಾಯಿತು. ರಗ್ಬಿಯ ಮೆತ್ತನೆಯ ಟೋಪಿ ಕಿವಿ ಬಾತುಕೊಳ್ಳದಂತೆ, ಚರ್ಮ ಹರಿಯದಂತೆ ನೋಡಿಕೊಳ್ಳುತ್ತದೆ. ಕನ್ಕಶನ್‌ಗೆ ಅದು ಮದ್ದಲ್ಲ.

ಟೋಪಿಗಿಂತ ನನಗೆ ಕೈಹಿಡಿದದ್ದು ತಲೆ ಎಲ್ಲಿಡಬೇಕು ಎಂಬ ಅಭ್ಯಾಸ. ರಗ್ಬಿಯ ಟ್ಯಾಕಲ್‌ನಲ್ಲಿ ಕನ್ಕಶನ್ ಹೆಚ್ಚಾಗಿ ಆಗುವುದು ಚೆಂಡು ಹಿಡಿದವನಿಗಲ್ಲ, ಬೀಳಿಸಲು ಹೋದವನಿಗೆ. ನೆಟ್ಟಗೆ ನಿಂತು ಹೋದರೆ ತಲೆಗೆ ತಲೆ. ಬಗ್ಗಿ ಹೋಗಿಯೂ ತಲೆಯನ್ನು ಎದುರಾಳಿಯ ಮುಂಬದಿಗೆ ಹಾಕಿದರೆ ಅವನ ಮೊಣಕಾಲೋ ಸೊಂಟವೋ ಬಡಿಯುತ್ತದೆ. ಸೊಂಟ ಬಾಗಿಸಿ, ಕಣ್ಣು ಮೇಲಿಟ್ಟು, ತಲೆ ಅವನ ಹಿಂಬದಿಗೆ ಹೋಗುವಂತೆ ಭುಜ ಕೊಡಬೇಕು. ಕೋಚ್‌ಗಳ ಜತೆ ನಿಂತು ಇದನ್ನು ಮೊದಲು ಮಂಡಿಯೂರಿ, ಆಮೇಲೆ ನಡೆದು, ಕೊನೆಗೆ ಓಡಿ ಮಾಡಿಸುತ್ತೇನೆ. ಕತ್ತಿನ ವ್ಯಾಯಾಮ ಜತೆಗೆ. ಇದೇ ಪಾಠವನ್ನು ಕಬಡ್ಡಿಯಲ್ಲಿ ರೈಡರ್‌ನ ತೊಡೆ ಹಿಡಿಯುವ ಥೈ ಹೋಲ್ಡ್‌ಗೆ ತಂದಾಗ ಹುಡುಗರು ನಕ್ಕರು. ಹಿಡಿತ ಬಿಗಿಯಾಗುತ್ತದೆ ಎಂದು ಗೊತ್ತಾದ ಮೇಲೆ ನಗು ನಿಂತಿತು. ಸುರಕ್ಷತೆ ಎಂದರೆ ಕೇಳದವರು ಪಾಯಿಂಟ್ ಎಂದರೆ ಕೇಳುತ್ತಾರೆ. ಬ್ಯಾಸ್ಕೆಟ್‌ಬಾಲಿನವರಿಗೆ ಬೀಳುವುದನ್ನೇ ಕಲಿಸಿದೆ: ಎದುರಾಳಿ ಬಂದು ಗುದ್ದುವಾಗ ಗದ್ದ ಎದೆಗೆ ಒತ್ತಿ, ಪೃಷ್ಠದ ಮೇಲೆ ಕೂತು ಜಾರಬೇಕು, ಅಂಗೈ ಹಿಂದಕ್ಕೆ ಊರಬಾರದು. ಮಣಿಕಟ್ಟು ಉಳಿಯುತ್ತದೆ.

ಪಂದ್ಯದ ಮರುದಿನ ಬೆಳಿಗ್ಗೆ ತಲೆಗೆ ಏಟು ಬಿದ್ದವರನ್ನೆಲ್ಲ, ಪರೀಕ್ಷೆ ಪಾಸಾದವರನ್ನೂ ಸೇರಿಸಿ, ಮತ್ತೆ ನೋಡುತ್ತೇನೆ. 2019ರಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಕುತ್ತಿಗೆಗೆ ಬಡಿದ ಮೇಲೂ ಸ್ಟೀವ್ ಸ್ಮಿತ್ ತಪಾಸಣೆ ದಾಟಿ ಬ್ಯಾಟಿಂಗ್‌ಗೆ ಮರಳಿದ್ದರು. ಲಕ್ಷಣ ಕಾಣಿಸಿಕೊಂಡದ್ದು ಮರುದಿನ ಬೆಳಿಗ್ಗೆ. ಅವರ ಜಾಗಕ್ಕೆ ಮಾರ್ನಸ್ ಲಬುಶೇನ್ ಬಂದರು. ಈ ಭೇಟಿಯಲ್ಲಿ ನಾನು ಮೊದಲು ವಿಚಾರಿಸುವುದು ಆಟಗಾರನನ್ನಲ್ಲ, ಅವನ ಜತೆ ರೂಮಿನಲ್ಲಿದ್ದವನನ್ನು. ರಾತ್ರಿ ವಾಂತಿಯಾಯಿತಾ, ಫೋನಿನ ಬೆಳಕು ಬೇಡ ಅಂದನಾ, ಸುಮ್ಮಸುಮ್ಮನೆ ರೇಗಿದನಾ. ರೂಮಿನವನು ಮುಚ್ಚಿಡುವುದಿಲ್ಲ, ಮುಚ್ಚಿಟ್ಟರೆ ಅವನಿಗೇನೂ ಸಿಗುವುದಿಲ್ಲವಲ್ಲ. ಲಕ್ಷಣವಿದ್ದರೆ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಹಗುರ ನಡಿಗೆಯಿಂದ ಶುರುಮಾಡಿ ಹಂತಕ್ಕೆ ಕಡಿಮೆಯೆಂದರೆ ಒಂದು ದಿನ, ಮೈ ತಾಗುವ ಅಭ್ಯಾಸಕ್ಕೆ ಮುಂಚೆ ವೈದ್ಯರ ಸಹಿ. ಹಂತ ಹಾರಿಸಲು ಚೌಕಾಶಿ ಮಾಡದ ಆಟವನ್ನು ನಾನಿನ್ನೂ ಕಂಡಿಲ್ಲ. ಫುಟ್‌ಬಾಲಿನವರು ಏಜೆಂಟರಿಂದ ಫೋನ್ ಮಾಡಿಸುತ್ತಾರೆ, ರಗ್ಬಿಯವರು ತಾವೇ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.