ಹೊಸ ಸಂಗೀತ ನಾಟಕಕ್ಕೆ ಮುಂಬಯಿಯಲ್ಲಿ ಸೀಟು ಹಿಡಿಯುವುದು

ನಮ್ಮ ಗುಂಪಿನಲ್ಲಿ ಹನ್ನೆರಡು ಜನ. ಮಾಟುಂಗಾದಿಂದ ಡೊಂಬಿವಲಿವರೆಗೆ ಚದುರಿದ ಕನ್ನಡದವರು. ಮೂವರಿಗೆ ಮೊಣಕಾಲು ನೋವು, ಇಬ್ಬರು ಮಕ್ಕಳು. ಟಿಕೆಟ್ ತೆಗೆಯುವ ಕೆಲಸ ನನ್ನದು. ‘ಮುಂದಿನ ಸಾಲು ಸಿಕ್ತಾ?’ ಅಂತ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಸಿಕ್ಕಿದರೂ ನಾನು ತಗೊಳ್ಳುವುದಿಲ್ಲ.

ರಂಗದ ಎತ್ತರ ಸಾಮಾನ್ಯವಾಗಿ ಮೂರು, ಮೂರೂವರೆ ಅಡಿ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಹೆಚ್ಚೆಂದರೆ ನಾಲ್ಕು ಅಡಿ. ಎ, ಬಿ ಸಾಲಿನಲ್ಲಿ ಕೂತರೆ ಮುಂದಿರುವ ನಟರ ಕಾಲೇ ಕಣ್ಣಿಗೆ ಅಡ್ಡ ಬರುತ್ತದೆ. ಹಿಂದಿನ ಸಾಲಿನಲ್ಲಿ ಕುಣಿಯುವವರ ಹೆಜ್ಜೆ ಮಾಯ. ಅದಕ್ಕಿಂತ ದೊಡ್ಡ ತೊಂದರೆ ಕಿವಿಯದು. ಹಳೆಯ ಮರಾಠಿ ಸಂಗೀತ ನಾಟಕಗಳಲ್ಲಿ ಆರ್ಗನ್, ತಬಲಾ ರಂಗದ ಮುಂದೆಯೇ ಇರುತ್ತಿದ್ದವು, ನಟ ಬರೀ ಗಂಟಲಲ್ಲಿ ಹಾಡುತ್ತಿದ್ದ, ಹತ್ತಿರ ಕೂತಷ್ಟೂ ಸುಖ. (ಆ ಪರಂಪರೆಯನ್ನು 1880ರಲ್ಲಿ ಪುಣೆಯಲ್ಲಿ ನೆಲೆಗೊಳಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಕಡೆಯ ಗುರ್ಲಹೊಸೂರಿನವರು. ಇದನ್ನು ಮರಾಠಿ ಗೆಳೆಯರಿಗೆ ನೆನಪಿಸದೆ ನನಗೆ ನಿದ್ದೆ ಬರುವುದಿಲ್ಲ.) ಈಗಿನ ಮ್ಯೂಸಿಕಲ್‌ನಲ್ಲಿ ಮೈಕು ನಟನ ಹಣೆಯ ಕೂದಲಿನಂಚಿನಲ್ಲೋ ಕೆನ್ನೆಯ ಮೇಲೋ ಅಡಗಿರುತ್ತದೆ. ದನಿ ಬರುವುದು ರಂಗದ ಎರಡು ಬದಿ ಎತ್ತರದಲ್ಲಿ ತೂಗುಹಾಕಿದ ಸ್ಪೀಕರ್‌ಗಳಿಂದ, ಅವು ಗುರಿಯಿಟ್ಟಿರುವುದು ಸಭಾಂಗಣದ ನಡುಭಾಗಕ್ಕೆ. ಮೊದಲ ಎರಡು ಮೂರು ಸಾಲಿಗೆ ರಂಗದಂಚಿನ ಸಣ್ಣ ಸ್ಪೀಕರ್‌ಗಳೇ ಗತಿ. ಪಿಟ್‌ನಲ್ಲಿ, ಅಂದರೆ ರಂಗದ ಮುಂದಿನ ತಗ್ಗಿನಲ್ಲಿ, ವಾದ್ಯದವರಿದ್ದರೆ ಡ್ರಮ್ಸು ನೇರ ಕಿವಿಗೆ ಬಡಿದು ಹಾಡಿನ ಮಾತು ಮುಳುಗುತ್ತದೆ.

ನಾನು ಹುಡುಕುವುದು ಎಫ್‌ನಿಂದ ಎಲ್‌ವರೆಗಿನ ಸಾಲು, ನಡುಭಾಗ. ಲೆಕ್ಕ ಸುಲಭ: ಒಂದು ಸಾಲಿಗೆ ಸುಮಾರು ಮೂರು ಅಡಿ, ರಂಗಕ್ಕೂ ಮೊದಲ ಸಾಲಿಗೂ ನಡುವೆ ಹತ್ತು ಅಡಿ. ಅನೇಕ ಸಭಾಂಗಣಗಳಲ್ಲಿ ಐ, ಓ ಸಾಲುಗಳನ್ನು ಬಿಟ್ಟಿರುತ್ತಾರೆ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು. ಹಾಗಿದ್ದರೆ ಎಲ್ ಹನ್ನೊಂದನೆಯ ಸಾಲು, ರಂಗದಿಂದ ನಲವತ್ತು ಚಿಲ್ಲರೆ ಅಡಿ. ಮುಖಭಾವ ಅರವತ್ತೈದು ಅಡಿವರೆಗೆ ತಿಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಹದಿನೆಂಟನೆಯ ಸಾಲು. ಅದರಾಚೆ ಕೂತರೆ ಕುಣಿತ ನೋಡಬಹುದು, ಕಣ್ಣೀರು ಕಾಣುವುದಿಲ್ಲ.

ಕಿವಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಸೌಂಡ್ ಮಿಕ್ಸರ್‌ನ ಮುಂದಿನ ಎರಡು ಸಾಲು. ಸಾಮಾನ್ಯವಾಗಿ ಅದನ್ನು ಕೆಳಗಿನ ಅಂತಸ್ತಿನ ಹಿಂಭಾಗದ ನಡುವೆ ಇಡುತ್ತಾರೆ. ಇಂಜಿನಿಯರ್ ಕೇಳಿ ಹದ ಮಾಡುವ ಸದ್ದೇ ನಿಮಗೂ ಕೇಳುತ್ತದೆ. ಅದರ ಪಕ್ಕಕ್ಕೆ ಮಾತ್ರ ಬೇಡ: ಕಂಪ್ಯೂಟರ್ ಪರದೆಗಳ ಬೆಳಕು, ಹೆಡ್‌ಸೆಟ್‌ನಲ್ಲಿ ಪಿಸುಮಾತು. ಹೊಸ ನಾಟಕದಲ್ಲಿ ಮಿಕ್ಸರ್, ಕ್ಯಾಮೆರಾ ಎಲ್ಲಿ ಕೂರುತ್ತವೆಂದು ಮೊದಲೇ ಖಚಿತವಿರುವುದಿಲ್ಲ. ಹಾಗಾಗಿ ಸುತ್ತಲ ಸೀಟುಗಳನ್ನು ತಡೆಹಿಡಿದಿರುತ್ತಾರೆ, ನಿರ್ಮಾಪಕರ ಅತಿಥಿಗಳಿಗೂ ಒಂದಷ್ಟು. ಬುಕಿಂಗ್ ತಾಣದ ಸೀಟು ನಕ್ಷೆಯಲ್ಲಿ ಬೂದು ಬಣ್ಣವಿದ್ದ ಮಾತ್ರಕ್ಕೆ ಮಾರಿಹೋಗಿದೆ ಅಂತಲ್ಲ. ಸಾಮಾನು ಜೋಡಿಸಿದ ಮೇಲೆ, ಪ್ರದರ್ಶನಕ್ಕೆ ಎರಡು ಮೂರು ದಿನ ಇರುವಾಗ ಕೆಲವು ಬಿಡುಗಡೆಯಾಗುತ್ತವೆ. ಇಬ್ಬರೇ ಹೋಗುವುದಾದರೆ ಕಾಯಿರಿ, ಹನ್ನೆರಡು ಜನಕ್ಕೆ ಆ ಜೂಜು ಬೇಡ.

ಬಾಲ್ಕನಿಯನ್ನು ಕೀಳಾಗಿ ನೋಡುವವರಿದ್ದಾರೆ. ಗುಂಪುನೃತ್ಯದ ವಿನ್ಯಾಸ ತಿಳಿಯುವುದು ಮೇಲಿಂದಲೇ. ಆದರೆ ಮೊದಲ ಸಾಲಿನ ಕಂಬಿ ಮಕ್ಕಳ ಕಣ್ಣಿಗೆ ಅಡ್ಡ ಬರುತ್ತದೆ. ಎರಡನೆಯ ಸಾಲಿನ ನಡುಭಾಗ ಸರಿ. ನಿಜವಾಗಿ ತಪ್ಪಿಸಬೇಕಾದದ್ದು ಬಾಲ್ಕನಿಯ ಕೆಳಗಿನ ಕಟ್ಟಕಡೆಯ ಸಾಲುಗಳನ್ನು. ಸೂರು ತಗ್ಗಾದ್ದರಿಂದ ಮೇಲೆ ತೂಗುವ ಸ್ಪೀಕರ್ ಅಲ್ಲಿಗೆ ಕಾಣುವುದೇ ಇಲ್ಲ, ಕಾಣದಿದ್ದರೆ ಸ್ಪಷ್ಟವಾಗಿ ಕೇಳುವುದೂ ಇಲ್ಲ. ಬದಿಯ ಸೀಟುಗಳಿಗೆ ಒಂದು ಅಳತೆಗೋಲು: ರಂಗದ ಚೌಕಟ್ಟಿನ ಅಂಚಿನಿಂದ ನೇರ ಗೆರೆ ಎಳೆಯಿರಿ, ಅದರ ಹೊರಗಿರುವುದನ್ನು ಬಿಡಿ. ರಂಗದ ಆ ಕಡೆಯ ಅಂಚು ಮತ್ತು ಹಿಂದಿನ ಪರದೆಯ ಒಂದು ಭಾಗ ತಪ್ಪಿಹೋಗುತ್ತದೆ.

ಸಭಾಂಗಣ ಬದಲಾದರೆ ಲೆಕ್ಕವೂ ಬದಲು. ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾಕೇಂದ್ರದಲ್ಲಿ ಜಮ್ಶೆಡ್ ಭಾಭಾ ಥಿಯೇಟರ್ 1,109 ಸೀಟಿನದು, ದೊಡ್ಡ ಸೆಟ್ಟು, ಚೌಕಟ್ಟಿನ ರಂಗ, ಮೇಲಿನ ನಿಯಮಗಳೆಲ್ಲ ಹೊಂದುತ್ತವೆ. ಅದೇ ಆವರಣದ ಟಾಟಾ ಥಿಯೇಟರ್ ಬೀಸಣಿಗೆಯಾಕಾರದ್ದು, ಬದಿಯ ಸೀಟೂ ರಂಗಕ್ಕೆ ಮುಖಮಾಡಿರುತ್ತದೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ (ಬಿಕೆಸಿ) ಅಂಬಾನಿ ಕಲ್ಚರಲ್ ಸೆಂಟರ್‌ನ ಗ್ರ್ಯಾಂಡ್ ಥಿಯೇಟರಿನಲ್ಲಿ 2,000 ಸೀಟು. ಅಲ್ಲಿ ಅಗ್ಗವೆಂದು ಮೇಲಿನ ತುದಿ ಹಿಡಿದರೆ ದೂರ ನಿಜಕ್ಕೂ ದೂರವೇ. ಜುಹೂವಿನ ಪೃಥ್ವಿ ಥಿಯೇಟರಿನಲ್ಲಿ 200ರಷ್ಟೇ, ಸೀಟಿಗೆ ನಂಬರೂ ಇಲ್ಲ, ಬೇಗ ಹೋಗಿ ಸರದಿಯಲ್ಲಿ ನಿಲ್ಲಬೇಕು.

ದುಡ್ಡಿನ ವಿಷಯ. ನಾಟಕದ ಟಿಕೆಟ್ ತಲಾ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ, ಮೇಲಾದರೆ ಪೂರ್ತಿ ಬೆಲೆಗೆ ಶೇ. 18. 600ರ ಟಿಕೆಟ್ 708 ಆಗುತ್ತದೆ. ಹನ್ನೆರಡು ಜನಕ್ಕೆ 1,500ರಂತೆ 18,000 ಅಂದುಕೊಂಡಿದ್ದು 21,240. ಆನ್‌ಲೈನ್ ಶುಲ್ಕ, ಆ ಶುಲ್ಕದ ಮೇಲಿನ ತೆರಿಗೆ ಬೇರೆ. ಹೇಳಿದ ಬೆಲೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ನೋಡಿಕೊಂಡೇ ಗುಂಪಿನಿಂದ ದುಡ್ಡು ಎತ್ತಿ, ಆಮೇಲೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.

ಬುಕಿಂಗ್ ತೆರೆಯುವ ಹತ್ತು ನಿಮಿಷ ಮೊದಲೇ ಲಾಗಿನ್ ಆಗಿ, ಯುಪಿಐ ಆ್ಯಪ್ ತೆರೆದಿಟ್ಟುಕೊಳ್ಳುತ್ತೇನೆ. ಸೀಟು ಆರಿಸಿದ ಮೇಲೆ ಕೆಲವೇ ನಿಮಿಷ ಅದು ನಮ್ಮ ಹೆಸರಲ್ಲಿರುತ್ತದೆ. ಒಂದು ಸಲಕ್ಕೆ ಇಷ್ಟೇ ಟಿಕೆಟ್ ಎಂಬ ಮಿತಿ ಇರುವುದರಿಂದ ಹನ್ನೆರಡನ್ನು ಆರು ಆರಾಗಿ, ಹಿಂದುಮುಂದಿನ ಸಾಲಿನಲ್ಲಿ, ಒಂದೇ ನಂಬರಿನ ನೇರಕ್ಕೆ ತಗೊಳ್ಳುತ್ತೇನೆ. ಉದ್ದಕ್ಕೆ ಹನ್ನೆರಡು ಕೂತರೆ ಕೊನೆಯವರು ಬದಿಗೆ ಜಾರುತ್ತಾರೆ. ಪಕ್ಕದಲ್ಲಿ ಒಂಟಿ ಸೀಟು ಉಳಿದರೆ ಕೆಲವು ತಾಣ ಮುಂದೆ ಹೋಗಲು ಬಿಡುವುದಿಲ್ಲ, ಒಂದು ಸೀಟು ಸರಿಸಿದರೆ ಸಾಕು. ಹಣ ಕಡಿತವಾಗಿ ಟಿಕೆಟ್ ಬರದಿದ್ದರೆ ಗಾಬರಿಯಲ್ಲಿ ಮತ್ತೊಮ್ಮೆ ಕೊಳ್ಳಬೇಡಿ. ಆ ಸೀಟುಗಳು ಗಡುವು ಮುಗಿಯುವವರೆಗೆ ನಮ್ಮಿಂದಲೇ ಬೀಗ ಬಿದ್ದಿರುತ್ತವೆ. ಮೊದಲು ಆ್ಯಪ್‌ನಲ್ಲಿ ಬುಕಿಂಗ್ ಪಟ್ಟಿ ನೋಡಿ. ನಕ್ಷೆಯಲ್ಲಿ ‘ಸ್ಟೇಜ್’ ಎಂದು ಬರೆದಿರುವುದು ಕೆಳಗೋ ಮೇಲೋ ಅದನ್ನೂ ಗಮನಿಸಿ. ಕೊನೆಯ ಸಾಲನ್ನು ಮೊದಲನೆಯದೆಂದು ಕೊಂಡವರು ಕಡಿಮೆಯಿಲ್ಲ.

ಮೊಣಕಾಲಿನ ಮೂವರಿಗೆ ಮೆಟ್ಟಿಲು ಕಡಿಮೆಯಿರುವ ಬಾಗಿಲಿನ ಹತ್ತಿರದ ಓಣಿ ಸೀಟು, ಅಂದರೆ ನಡೆದಾಡುವ ದಾರಿಯ ಪಕ್ಕದ್ದು. ಇದು ನಕ್ಷೆಯಲ್ಲಿ ಕಾಣುವುದಿಲ್ಲ, ಸಭಾಂಗಣಕ್ಕೆ ಫೋನ್ ಮಾಡಿ ‘ಜಿ ಸಾಲಿಗೆ ಎಷ್ಟು ಮೆಟ್ಟಿಲು, ಕೈಹಿಡಿ ಇದೆಯಾ?’ ಅಂತ ಕೇಳಿಯೇ ತಿಳಿಯಬೇಕು. ಮಕ್ಕಳ ವಯಸ್ಸಿನ ಮಿತಿಯನ್ನೂ ಅದೇ ಫೋನಿನಲ್ಲಿ ಕೇಳಿ.

ದಿನ ಆರಿಸುವಾಗ ಮೊದಲ ಪ್ರದರ್ಶನ ಬಿಡುತ್ತೇನೆ. ಹೊಸ ನಾಟಕದಲ್ಲಿ ಮೊದಲ ವಾರ ಹಾಡು ಕತ್ತರಿಸುತ್ತಾರೆ, ಮೈಕು ಕೈಕೊಡುತ್ತದೆ, ಸೆಟ್ಟು ಸಿಕ್ಕಿಕೊಳ್ಳುತ್ತದೆ. ಎರಡನೆಯ ವಾರಕ್ಕೆ ಎಲ್ಲ ಕೂತಿರುತ್ತದೆ. ಶನಿವಾರ, ಭಾನುವಾರ ಎರಡೆರಡು ಆಟವಿದ್ದರೆ ಮುಖ್ಯಪಾತ್ರಕ್ಕೆ ಬದಲಿ ನಟರಿರಬಹುದು. ಯಾರನ್ನೋ ನೋಡಲೆಂದೇ ಹೋಗುವವರು ಮೊದಲೇ ವಿಚಾರಿಸಿ. ದೂರ ಹಿಂತಿರುಗಬೇಕಾದ ಡೊಂಬಿವಲಿಯವರಿಗಾಗಿ ನಾನು ಹಿಡಿಯುವುದು ಮಧ್ಯಾಹ್ನದ ಆಟ.

ಟಿಕೆಟ್ ಕಳಿಸುವಾಗ ಬರೀ ಕ್ಯೂಆರ್ ಕಳಿಸಿದರೆ ಎಲ್ಲರೂ ಬೇರೆ ಬೇರೆ ಬಾಗಿಲಲ್ಲಿ ನಿಂತಿರುತ್ತಾರೆ. ನಮ್ಮ ಗುಂಪಿಗೆ ಹೋಗುವ ಸಂದೇಶ ಹೀಗಿರುತ್ತದೆ: ‘ಶಾರದಕ್ಕ, ಕೆಳಗಿನ ಅಂತಸ್ತು, ಎಡಬಾಗಿಲು, ಜಿ 9, ಓಣಿ ಸೀಟು. 3.30ಕ್ಕೆ ಒಳಗೆ. ತಡವಾದರೆ ಹಾಡು ಮುಗಿಯುವವರೆಗೆ ಬಿಡುವುದಿಲ್ಲ.’